ಹೊಲದ ದಾರಿಗೆ ಯಾವ ಬ್ಯಾಟ್ರಿ? ಲ್ಯುಮೆನ್, ಕ್ಯಾಂಡೆಲಾ ಮತ್ತು ಕಾಲ ಮುಂದಿನ ಬೆಳಕು

ಆಳಂದ, ಅಫಜಲಪುರ, ಜೇವರ್ಗಿ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಾರೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂತು ಅಂದ್ರೆ ಮನೆಯಿಂದ ಒಬ್ಬರು ಬ್ಯಾಟ್ರಿ, ಸಲಿಕೆ ಹಿಡಿದು ಹೊಲಕ್ಕೆ ಹೋಗಲೇಬೇಕು. ಭೀಮಾ ದಂಡೆಯ ಕಬ್ಬಿರಲಿ, ಬೋರಿನ ನೀರು ಕುಡಿಯುವ ತೊಗರಿ ಇರಲಿ, ಕತ್ತಲಲ್ಲಿ ಎರೆ ಮಣ್ಣಿನ ಬದುವಿನ ಮೇಲೆ ನಡೆಯುವ ಕೆಲಸ ಅದು.

ಅಂಗಡಿಯಲ್ಲಿ ನಾವು ಕೇಳುವ ಪ್ರಶ್ನೆ ಒಂದೇ: "ಎಷ್ಟು ದೂರ ಹೊಡೀತದ?" ಆದರೆ ಹಾವು ಇರುವುದು ನಾನೂರು ಮೀಟರ್ ಆಚೆ ಅಲ್ಲ, ಮುಂದಿನ ಹೆಜ್ಜೆಯಲ್ಲಿ. ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಬಹುಪಾಲು ಸಾವು ಹಳ್ಳಿಗಳಲ್ಲೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಬ್ಯಾಟ್ರಿ ಆರಿಸುವುದು ಬರೀ ಶೋಕಿಯ ಮಾತಲ್ಲ. ಫಸ್ಟ್ ಇಯರ್ ಫಿಸಿಕ್ಸ್ ಗೊತ್ತಿರುವ ನಾವು ಇದನ್ನು ಲೆಕ್ಕ ಹಾಕಿ ನೋಡಬಹುದು.

ಮೂರು ಅಳತೆ

ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕು ಲ್ಯುಮೆನ್. ಆ ಬೆಳಕು ಒಂದು ದಿಕ್ಕಿನಲ್ಲಿ ಎಷ್ಟು ಗಟ್ಟಿಯಾಗಿ ಹೋಗುತ್ತದೆ ಅನ್ನುವುದು ಕ್ಯಾಂಡೆಲಾ. ಹೋಗಿ ಬಿದ್ದ ಜಾಗದಲ್ಲಿ ಒಂದು ಚದರ ಮೀಟರಿಗೆ ಎಷ್ಟು ಸಿಕ್ಕಿತು ಅನ್ನುವುದು ಲಕ್ಸ್. ಪೈಪಿನಿಂದ ಬರುವ ನೀರು ಅಷ್ಟೇ ಇದ್ದರೂ ಬಾಯಿಗೆ ಹೆಬ್ಬೆರಳು ಒತ್ತಿದರೆ ದೂರ ಚಿಮ್ಮುತ್ತದೆ, ಬಿಟ್ಟರೆ ಅಗಲಕ್ಕೆ ಹರಿಯುತ್ತದೆ. ಬೆಳಕಿನದೂ ಹೆಚ್ಚುಕಡಿಮೆ ಹಾಗೇ.

ದೂರದ ವರ್ಗಕ್ಕೆ ವಿಲೋಮವಾಗಿ ಬೆಳಕು ಇಳಿಯುತ್ತದೆ: ಲಕ್ಸ್ = ಕ್ಯಾಂಡೆಲಾ ÷ ದೂರದ ವರ್ಗ. ಡಬ್ಬಿಯ ಮೇಲೆ ಬರೆಯುವ "ಬೀಮ್ ಡಿಸ್ಟೆನ್ಸ್" ಅಂದರೆ ಬೆಳಕು 0.25 ಲಕ್ಸಿಗೆ ಇಳಿಯುವ ದೂರ. ಅಂದರೆ ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು. ಸೂತ್ರ ಸುಲಭ: ದೂರ = 2 × √ಕ್ಯಾಂಡೆಲಾ.

ಎರಡು ಟಾರ್ಚ್ ತಗೊಳ್ಳೋಣ. "ಅ" 1000 ಲ್ಯುಮೆನ್, 2500 ಕ್ಯಾಂಡೆಲಾ. "ಬ" 500 ಲ್ಯುಮೆನ್, 40,000 ಕ್ಯಾಂಡೆಲಾ. ಸೂತ್ರಕ್ಕೆ ಹಾಕಿದರೆ "ಅ" 100 ಮೀಟರ್, "ಬ" 400 ಮೀಟರ್. ಬೆಳಕು ಅರ್ಧ, ದೂರ ನಾಲ್ಕು ಪಟ್ಟು! ಕಾರಣ ರಿಫ್ಲೆಕ್ಟರ್ ಮತ್ತು ಎಲ್‌ಇಡಿ. ಎಲ್‌ಇಡಿಯ ಮೇಲ್ಮೈ ಎಷ್ಟು ಪ್ರಖರವೋ, ರಿಫ್ಲೆಕ್ಟರಿನ ಬಾಯಿ ಎಷ್ಟು ದೊಡ್ಡದೋ, ಕ್ಯಾಂಡೆಲಾ ಅಷ್ಟು ಹೆಚ್ಚು. ಬಾಯಿಯ ವ್ಯಾಸ ದುಪ್ಪಟ್ಟಾದರೆ ಕ್ಯಾಂಡೆಲಾ ಸುಮಾರು ನಾಲ್ಕು ಪಟ್ಟಾಗುತ್ತದೆ.

ಈಗ ಅದೇ ಎರಡನ್ನು ಎರಡು ಮೀಟರ್ ಮುಂದಿನ ನೆಲಕ್ಕೆ ಹಿಡಿಯಿರಿ. "ಬ" ಟಾರ್ಚಿನ ನಡುವಿನ ಚುಕ್ಕೆ 4 ಡಿಗ್ರಿ ಅಗಲ ಅಂದುಕೊಂಡರೆ ನೆಲದ ಮೇಲೆ 14 ಸೆಂಟಿಮೀಟರ್. ಒಂದು ಗೇಣೂ ಇಲ್ಲ. "ಅ" ಟಾರ್ಚಿನ ಬೆಳಕು 60 ಡಿಗ್ರಿ ಹರಡಿದರೆ 2.3 ಮೀಟರ್. ಬದು, ಅದರ ಎರಡೂ ಮಗ್ಗಲು, ಪಕ್ಕದ ಕಾಲುವೆ ಎಲ್ಲಾ ಕಾಣುತ್ತದೆ. "ಬ"ದಲ್ಲೂ ಚುಕ್ಕೆಯ ಸುತ್ತ ತೆಳು ಬೆಳಕಿರುತ್ತದೆ, ನಿಜ. ಆದರೆ ಕಣ್ಣು ನಡುವಿನ ಪ್ರಖರ ಚುಕ್ಕೆಗೆ ಹೊಂದಿಕೊಂಡುಬಿಡುವುದರಿಂದ ಸುತ್ತಲಿನದು ಕಪ್ಪಾಗಿಯೇ ತೋರುತ್ತದೆ. ಒಮ್ಮೆ ಕಣ್ಣು ಕೋರೈಸಿದರೆ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಮತ್ತೆ 20-30 ನಿಮಿಷ ಬೇಕು.

ಡಬ್ಬಿಯ ಸುಳ್ಳು ಹಿಡಿಯುವುದು

ಒಂದೇ ಸೆಲ್ಲಿನ ಅಗ್ಗದ ಟಾರ್ಚಿನ ಮೇಲೆ "50,000 ಲ್ಯುಮೆನ್" ಅಂತ ಬರೆದಿದ್ದರೆ ಒಂದು ಭಾಗಾಕಾರ ಸಾಕು. ಬಿಳಿ ಎಲ್‌ಇಡಿ ವ್ಯಾಟಿಗೆ ಸುಮಾರು 100 ಲ್ಯುಮೆನ್ ಕೊಡುತ್ತದೆ ಅಂತಿಟ್ಟುಕೊಳ್ಳಿ. 50,000ಕ್ಕೆ 500 ವ್ಯಾಟ್ ಬೇಕು. 3.6 ವೋಲ್ಟಿನ ಸೆಲ್ಲಿನಿಂದ ಸುಮಾರು 139 ಆಂಪಿಯರ್ ಎಳೆಯಬೇಕು. ಆಗದ ಮಾತು.

ಅದೇ ಲೆಕ್ಕ ತಾಸುಗಳಿಗೂ ಬರುತ್ತದೆ. 5000 ಮಿಲಿಆಂಪಿಯರ್-ಅವರ್‌ನ 21700 ಸೆಲ್ಲಿನಲ್ಲಿ 18 ವ್ಯಾಟ್-ಅವರ್ ಶಕ್ತಿ. 1000 ಲ್ಯುಮೆನ್‌ಗೆ 10 ವ್ಯಾಟ್, ಅಂದರೆ ಎರಡು ತಾಸೂ ಇಲ್ಲ. 200 ಲ್ಯುಮೆನ್‌ಗೆ 2 ವ್ಯಾಟ್, ಒಂಬತ್ತು ತಾಸು. ಸರ್ಕ್ಯೂಟಿನ ನಷ್ಟ ಕಳೆದರೂ ಒಂದು ರಾತ್ರಿ ಪಾಳಿ ದಾಟುತ್ತದೆ. ಇನ್ನು "ಟರ್ಬೊ" ಬೆಳಕು ಬಿಸಿಯಿಂದಾಗಿ ಕೆಲವೇ ನಿಮಿಷಗಳಲ್ಲಿ ತಾನೇ ಇಳಿಯುತ್ತದೆ. "ರನ್‌ಟೈಮ್" ಅಂಕಿ ನೋಡುವಾಗಲೂ ಎಚ್ಚರ: ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ ಅದು. ಬೆಳಕು ಒಂದೇ ಸಮನೆ ಇರುವ ಸಮಯ ಅಲ್ಲ.

ಕೈಯಲ್ಲಿ ಹಿಡಿದಾಗ

ತಲೆಗೆ ಕಟ್ಟುವ ಲೈಟು ಸಲಿಕೆ ಹಿಡಿದವರಿಗೆ ಅನುಕೂಲ, ಎರಡೂ ಕೈ ಖಾಲಿ ಇರುತ್ತವೆ. ಆದರೆ ಅದರ ಬೆಳಕು ಕಣ್ಣಿನ ನೇರದಿಂದಲೇ ಬೀಳುವುದರಿಂದ ವಸ್ತುವಿನ ನೆರಳು ವಸ್ತುವಿನ ಹಿಂದೆಯೇ ಅಡಗಿಬಿಡುತ್ತದೆ. ಉಬ್ಬು-ತಗ್ಗು ಚಪ್ಪಟೆಯಾಗಿ ಕಾಣುತ್ತದೆ. ಟಾರ್ಚನ್ನು ಸೊಂಟದ ಕೆಳಗೆ ಹಿಡಿದು ನೆಲಕ್ಕೆ ಓರೆಯಾಗಿ ಬಿಟ್ಟರೆ ನೆರಳು ಉದ್ದವಾಗಿ ಬೀಳುತ್ತದೆ. ಒಣಗಿದ ತೊಗರಿ ಎಲೆಯ ನಡುವೆ ಸುರುಳಿ ಸುತ್ತಿದ ಕೊಳಕುಮಂಡಲ ಬಣ್ಣದಿಂದ ಗೊತ್ತಾಗದಿದ್ದರೂ ನೆರಳಿನಿಂದ ಗೊತ್ತಾದೀತು. ಆದ್ದರಿಂದ ನಡೆಯುವಾಗ ಕೈ ಟಾರ್ಚ್, ನಿಂತು ಕೆಲಸ ಮಾಡುವಾಗ ತಲೆಯ ಲೈಟು.

ಬಣ್ಣದ ವಿಷಯಕ್ಕೆ ಬಂದರೆ, 6500 ಕೆಲ್ವಿನ್‌ನ ನೀಲಿ ಛಾಯೆಯ ಬೆಳಕಿಗಿಂತ 4000ದಿಂದ 5000 ಕೆಲ್ವಿನ್, ಸಿಆರ್‌ಐ 90ಕ್ಕೂ ಹೆಚ್ಚಿರುವ ಎಲ್‌ಇಡಿ ಮಣ್ಣು, ಎಲೆ, ಕಂದು ಬಣ್ಣಗಳನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಅದಕ್ಕಾಗಿ ಒಂದಷ್ಟು ಲ್ಯುಮೆನ್ ಕಳೆದುಕೊಂಡರೂ ನಷ್ಟವಿಲ್ಲ.

ಸ್ವಿಚ್ಚನ್ನು ಕೆಸರು ಮೆತ್ತಿದ ಕೈಯಿಂದ ಒತ್ತಿ ನೋಡಿ. ಮೋಡ್ ಬದಲಿಸುವಾಗ ನಡುವೆ ಮಿಣುಕುವ ಸ್ಟ್ರೋಬ್ ಬರುವಂಥದ್ದು ಬೇಡ. ಮೊದಲ ಒತ್ತಿಗೇ ಟರ್ಬೊ ಹತ್ತುವುದೂ ಬೇಡ. ಐಪಿಎಕ್ಸ್4 ಅಂದರೆ ಬರೀ ಸಿಡಿಯುವ ನೀರಿಗೆ ಸಾಕು. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ತಡೆದೀತು. ಕಾಲುವೆಗೆ ಜಾರಿ ಬೀಳುವ ವಸ್ತುವಿಗೆ ಎರಡನೆಯದೇ ಇರಲಿ. ಕೈಗೆ ಹಾಕುವ ದಾರ ಮರೆಯಬೇಡಿ.

ನೀವೇ ಅಳೆಯಿರಿ

ಲ್ಯಾಬಿನ ಲಕ್ಸ್ ಮೀಟರ್ ತಗೊಳ್ಳಿ. ಕತ್ತಲ ಕಾರಿಡಾರಿನಲ್ಲಿ ಟಾರ್ಚಿನಿಂದ 5 ಮೀಟರ್ ದೂರ ಇಡಿ. ತೀರಾ ಹತ್ತಿರ ಇಟ್ಟರೆ ವಿಲೋಮ ವರ್ಗದ ನಿಯಮ ಸರಿಯಾಗಿ ಹೊಂದುವುದಿಲ್ಲ. ಹಚ್ಚಿ ಒಂದು ನಿಮಿಷ ಬಿಟ್ಟು, ನಡುವಿನ ಚುಕ್ಕೆಯ ರೀಡಿಂಗ್ ತೆಗೆದು 25ರಿಂದ ಗುಣಿಸಿ. ಅದೇ ಕ್ಯಾಂಡೆಲಾ. 100 ಲಕ್ಸ್ ಬಂದರೆ "ಅ" ತರಹದ ಟಾರ್ಚ್, 1600 ಬಂದರೆ "ಬ" ತರಹದ್ದು. ಆಮೇಲೆ ಎರಡು ಮೀಟರಿನಿಂದ ಗೋಡೆಗೆ ಹಿಡಿದು ಬೆಳಕಿನ ಅಗಲವನ್ನು ಟೇಪಿನಿಂದ ಅಳೆಯಿರಿ. ಫೋನಿನ ಆ್ಯಪ್ ಬಳಸಿದರೆ ಅಂಕಿ ನೆಚ್ಚಬೇಡಿ, ಎರಡು ಟಾರ್ಚುಗಳ ಹೋಲಿಕೆಗೆ ಮಾತ್ರ ಸಾಕು.

ದೂರದ ಪಂಪ್ ಮನೆ, ಬೆಳೆಗೆ ನುಗ್ಗಿದ ಹಂದಿ ನೋಡಲು "ಬ" ಬೇಕು, ಇಲ್ಲ ಅನ್ನುವಂತಿಲ್ಲ. ಆದರೆ ಮನೆಯಲ್ಲಿ ಒಂದೇ ಟಾರ್ಚ್ ಕೊಳ್ಳುವುದಾದರೆ ಅಗಲವಾಗಿ ಹರಡುವ, 200 ಲ್ಯುಮೆನ್ ಇಡೀ ರಾತ್ರಿ ಕೊಡುವ "ಅ" ಇರಲಿ. ಅದರ ಜೊತೆಗೆ ಗಂಬೂಟು, ಒಂದು ಕೋಲು. ಬೆಳಕು ಹಾವನ್ನು ಓಡಿಸುವುದಿಲ್ಲ, ನಮಗೆ ತೋರಿಸುತ್ತದೆ ಅಷ್ಟೇ. ಆದರೂ ಕಡಿದರೆ ನಾಟಿ ಮದ್ದು ಹುಡುಕುತ್ತ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಬೇಕು. ಮುಂದಿನ ರಜೆಗೆ ಊರಿಗೆ ಹೋದಾಗ ಅಪ್ಪನ ಬ್ಯಾಟ್ರಿಯನ್ನು ಒಮ್ಮೆ ಗೋಡೆಗೆ ಹಿಡಿದು ಅಳೆದು ನೋಡಿ.