ಶೀಸೆಯ ಬೆಲೆ ಚೀಟಿಯಲ್ಲಿ



ಹಳೆಯ ಸ್ಕಾಚ್ ಸಿಂಗಲ್ ಮಾಲ್ಟ್ ವಿಸ್ಕಿಯ ಶೀಸೆಗಳನ್ನು ಕುಡಿಯದೆ ಕೂಡಿಡುವ ಹವ್ಯಾಸಿಗಳು ಅನೇಕರಿದ್ದಾರೆ. ಅವರ ಪದ್ಧತಿಯಲ್ಲಿ ನಮ್ಮ ಮಾಲಿಗೂ ಒಂದು ಪಾಠವಿದೆ.

ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಜವೆಗೋಧಿಯಿಂದ ಮಾತ್ರ ತಯಾರಾದುದು ಸಿಂಗಲ್ ಮಾಲ್ಟ್. ಅದು ಪಕ್ವವಾಗುವುದು ಓಕ್ ಮರದ ಪೀಪಾಯಿಯಲ್ಲಿ. 12 ವರ್ಷದ್ದನ್ನು ಶೀಸೆಯಲ್ಲಿ ಇನ್ನೂ 20 ವರ್ಷ ಇಟ್ಟರೂ ಅದು 12 ವರ್ಷದ್ದೇ.

ಪೀಪಾಯಿಯಿಂದ ಆವಿಯಾಗುವುದಕ್ಕೆ ‘ದೇವದೂತರ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನಲ್ಲಿ ಶೇ. 10ಕ್ಕೂ ಮೇಲು. ಈ ಲೆಕ್ಕದಲ್ಲಿ 100 ಲೀಟರಿಗೆ 8 ವರ್ಷದಲ್ಲಿ ಅಲ್ಲಿ 85 ಉಳಿದರೆ, ಇಲ್ಲಿ 43 ಉಳಿಯುವುದೂ ಕಷ್ಟ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾಯಿತು. 2013ರಲ್ಲಿ 8 ವರ್ಷದ್ದನ್ನು ಹೊರತಂದಾಗ ಅದಕ್ಕಿಟ್ಟ ಹೆಸರು ‘ಗ್ರೀಡಿ ಏಂಜೆಲ್ಸ್’, ಎಂದರೆ ದುರಾಸೆಯ ದೇವದೂತರು!

ಸಂಗ್ರಾಹಕರು ಮೊದಲು ಓದುವುದು ಚೀಟಿಯನ್ನು: ಯಾವ ಭಟ್ಟಿ, ಇಳಿಸಿದ ವರ್ಷ, ಶೀಸೆಗೆ ತುಂಬಿದ ವರ್ಷ, ಪೀಪಾಯಿಯ ಸಂಖ್ಯೆ. ಚೀಟಿ ಹರಿದರೆ ಬೆಲೆ ಇಳಿಯಿತು. ಶೀಸೆಯನ್ನು ನೆಟ್ಟಗೆ, ತಂಪಿನಲ್ಲಿ, ಬೆಳಕು ಬೀಳದಂತೆ ಇಡಬೇಕು. ನಮ್ಮ ವಡಗೇರಾದ ಬೇಸಿಗೆಯಲ್ಲಿ ಬಿರಡೆ ಒಣಗಿ ಒಳಗಿನದು ಆರೀತು.

ಇನ್ನು ನಮ್ಮ ಮಾಲಿನ ಮಾತು. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗೂ ಶಿರಸಿ ಅಡಿಕೆಗೂ ಭೌಗೋಳಿಕ ಗುರುತು ದೊರೆಯಿತು. ಇದೂ ಊರಿನ ಹೆಸರಿಗೆ ಸಿಕ್ಕ ಬೆಲೆಯೇ. ಆದರೆ ಒಳ್ಳೆಯದನ್ನೂ ಸಾಧಾರಣವನ್ನೂ ಒಂದೇ ರಾಶಿಗೆ ಸುರಿದರೆ ಎರಡಕ್ಕೂ ಸಾಧಾರಣದ ದರವೇ. ಆದ್ದರಿಂದ ಪ್ರತಿ ಚೀಲಕ್ಕೂ ತೋಟ, ತಳಿ, ಕೊಯ್ಲಿನ ತಾರೀಖು ಬರೆದ ಚೀಟಿ ಕಟ್ಟಿರಿ. ಅದನ್ನೇ ಪುಸ್ತಕದಲ್ಲೂ ನಮೂದಿಸಿರಿ. ವ್ಯಾಪಾರಿ ಕೇಳಿದಾಗ ತೋರಿಸಲು ನಮ್ಮ ಕೈಯಲ್ಲಿ ಅದೇ ಪುರಾವೆ.

– ಕಾರ್ಯದರ್ಶಿ