ಕ್ಲಾಕ್ ನಿಂತರೂ ಕರೆಂಟ್ ಸೋರುತ್ತದೆ

ಒಮಾನಿನ ಕುರಿಯಾತ್ ಸಮುದ್ರದಂಚಿನ ಊರು. 2018ರ ಜೂನ್ 26ರಂದು ಅಲ್ಲಿ ಇಡೀ ದಿನ ಉಷ್ಣಾಂಶ 42.6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲೇ ಇಲ್ಲ, ನಡುರಾತ್ರಿಯಲ್ಲೂ. ಸುದ್ದಿ ಓದಿದವರು ಅಲ್ಲಿನ ಜನರ ಪಾಡು ನೆನೆದು ಮರುಗಿದರು. ಅಂಥ ಸೆಖೆಯಲ್ಲಿ ಬಯಲಲ್ಲೇ ನಿಂತು ದುಡಿಯುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಪಾಡೂ ಸುಖದ್ದಲ್ಲ. ಹಗಲು ಕಾದ ಚಿಪ್ ರಾತ್ರಿಯೂ ತಣಿಯುವುದಿಲ್ಲ, ಸೋಲಾರ್ ಪ್ಯಾನೆಲ್ ಮಾತ್ರ ಮಲಗಿರುತ್ತದೆ.

ನಾನಿದ್ದ ತಂಡದ ಕೈಯಲ್ಲಿ ಅಂಥ ಪೆಟ್ಟಿಗೆಗಳೇ ಇದ್ದವು. ಒಮಾನಿನ ನಿಜ್ವಾ ಊರಿನ ಆಸುಪಾಸಿನಲ್ಲಿ ವಾದಿ ಎಂದು ಕರೆಯುವ ಒಣಹಳ್ಳಗಳ ಮೇಲೆ ಕೂತು ನೀರಿನ ಮಟ್ಟ ಅಳೆಯುವುದು ಅವುಗಳ ಕೆಲಸ. ವರ್ಷದ ಬಹುಪಾಲು ಕಲ್ಲು ಮರಳು ಬಿಟ್ಟರೆ ಏನೂ ಕಾಣದ ಈ ಹಳ್ಳಗಳು, ಬೆಟ್ಟದಲ್ಲಿ ಮಳೆ ಬಿದ್ದರೆ ನೋಡನೋಡುತ್ತ ಉಕ್ಕುತ್ತವೆ. 2007ರ ಗೋನು ಮತ್ತು 2021ರ ಶಾಹೀನ್ ಚಂಡಮಾರುತಗಳನ್ನು ಒಮಾನಿಗಳು ಮರೆತಿಲ್ಲ. ಪೆಟ್ಟಿಗೆಯೊಳಗೆ ಲಿನಕ್ಸ್ ಓಡಿಸುವ ಸಣ್ಣ ಬೋರ್ಡ್, ಒಂದು ಸೆನ್ಸರ್, ಮೊಬೈಲ್ ಮೋಡೆಮ್, ಬ್ಯಾಟರಿ. ಆಗಾಗ ಎದ್ದು, ಅಳೆದು, ಅಂಕಿ ಕಳಿಸಿ ಮತ್ತೆ ಮಲಗಬೇಕು.

ಬೆಂಗಳೂರಿನ ಲ್ಯಾಬ್‌ನಲ್ಲಿ ಒಮ್ಮೆ ತುಂಬಿದ ಬ್ಯಾಟರಿ ಹಲವು ರಾತ್ರಿಗಳಿಗೆ ಸಾಕಾಗುತ್ತಿತ್ತು. ಒಮಾನಿನ ಜೂನ್‌ನಲ್ಲಿ ಅದು ಕೋಳಿ ಕೂಗುವ ಮೊದಲೇ ಕೈಕೊಟ್ಟಿತು.

“ಬ್ಯಾಟರಿಯೇ ಹೋಗಿದೆ ಮಾರಾಯ್ರೆ, ಬೇರೆ ಹಾಕುವಾ” ಅಂದರು ಪುತ್ತೂರು ಕಡೆಯ ಟೆಕ್ನಿಷಿಯನ್. ಬೇರೆ ಹಾಕಿದ್ದೂ ಆಯಿತು, ಅದೂ ಅದೇ ಹೊತ್ತಿಗೆ ಬರಿದಾಯಿತು. ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಪೆಟ್ಟಿಗೆ ಅತಿಹೆಚ್ಚು ಕಾಯುವುದು ಅದೇ ಹೊತ್ತಿನಲ್ಲಾದ್ದರಿಂದ ದೂರದಲ್ಲಿ ಕೂತು ಲಾಗ್ ಓದುವುದೊಂದೇ ದಾರಿಯಾಗಿತ್ತು.

ಚಿಪ್ ಕರೆಂಟ್ ತಿನ್ನುವುದು ಎರಡು ಬಗೆಯಲ್ಲಿ. ಕ್ಲಾಕ್ ಮಿಡಿದಾಗಲೆಲ್ಲ ಟ್ರಾನ್ಸಿಸ್ಟರ್‌ಗಳು ಬದಲಾಗುತ್ತವೆ, ಅದಕ್ಕೊಂದಿಷ್ಟು. ಏನೂ ಮಾಡದೆ ಸುಮ್ಮನಿದ್ದರೂ ಅವುಗಳ ಮೂಲಕ ಸೋರುವುದು ಇನ್ನೊಂದಿಷ್ಟು. ಕ್ಲಾಕ್ ನಿಲ್ಲಿಸಿದರೆ ಮೊದಲನೆಯದು ನಿಲ್ಲುತ್ತದೆ. ಎರಡನೆಯದು ನಿಲ್ಲಬೇಕಾದರೆ ಚಿಪ್‌ನ ಆ ಭಾಗಕ್ಕೆ, ಅಂದರೆ ಆ ಪವರ್ ಡೊಮೇನ್‌ಗೆ, ವಿದ್ಯುತ್ತನ್ನೇ ಕಡಿಯಬೇಕು. ನಿಜ್ವಾದ ಫಲಜ್ ದಾರಿಸ್ ಕಂಡವರಿಗೆ ಇದು ಸಲೀಸಾಗಿ ತಿಳಿಯುತ್ತದೆ. 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಒಮಾನಿನ ಐದು ಫಲಜ್ ಕಾಲುವೆಗಳಲ್ಲಿ ಅದೂ ಒಂದು. ಪಾಳಿ ಮುಗಿದ ತೋಟದವನು ತನ್ನ ಕವಲಿನ ಬಾಯಿ ಮುಚ್ಚಿದರೆ ಅವನ ತೋಟಕ್ಕೆ ನೀರು ನಿಲ್ಲುತ್ತದೆಯೇ ಹೊರತು ಬುಡದಿಂದ ಬರುವ ಹರಿವು ನಿಲ್ಲುವುದಿಲ್ಲ. ಬಿಸಿ ಏರಿದಂತೆ ಚಿಪ್‌ನ ಸೋರಿಕೆ ಗುಣಾಕಾರದಲ್ಲಿ ಹೆಚ್ಚುತ್ತದೆ. ಬೆಂಗಳೂರಿನ ತಂಪಿನಲ್ಲಿ ಲೆಕ್ಕಕ್ಕೇ ಸಿಗದ ಸೋರಿಕೆ ಒಮಾನಿನಲ್ಲಿ ಬ್ಯಾಟರಿಯನ್ನೇ ನುಂಗಿತು.

ಈ ಎರಡೂ ಕೆಲಸಕ್ಕೆ ಲಿನಕ್ಸ್ ಕರ್ನಲ್‌ನಲ್ಲಿ ಬೇರೆಬೇರೆ ವ್ಯವಸ್ಥೆಗಳಿವೆ. ಸಾಧನ ಬಿಡುವಾಗಿದ್ದಾಗ ಮಲಗಿಸುವ ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ 2009ರಲ್ಲಿ 2.6.32 ಆವೃತ್ತಿಗೆ ಬಂತು, ಪವರ್ ಡೊಮೇನ್‌ಗಳ ಸಾಮಾನ್ಯ ಚೌಕಟ್ಟು 2011ರಲ್ಲಿ 3.1ಕ್ಕೆ. ಎರಡರ ಹಿಂದೆಯೂ ರಫಾಯೆಲ್ ವೈಸಾಕಿ ಇದ್ದಾರೆ. ಕ್ಲಾಕ್‌ಗಳದ್ದು ಇನ್ನೂ ತಡ. ಆರ್ಮ್ ಚಿಪ್‌ಗಳ ಒಂದೊಂದು ಕುಟುಂಬವೂ ತನ್ನದೇ ಕ್ಲಾಕ್ ಕೋಡ್ ಬರೆದುಕೊಂಡು ಗೋಜಲಾಗಿದ್ದ ಕಾಲದಲ್ಲಿ ಮೈಕ್ ಟರ್ಕೆಟ್ ಸಿದ್ಧಪಡಿಸಿದ ಸಾಮಾನ್ಯ ಕ್ಲಾಕ್ ಚೌಕಟ್ಟು 2012ರಲ್ಲಿ 3.4 ಆವೃತ್ತಿ ಸೇರಿತು. ಎರಡೂ ಕಡೆ ನಡೆಯುವುದು ಎಣಿಕೆಯ ಲೆಕ್ಕ. ಬೇಕೆಂದವನು ಒಂದು ಕೂಡಿಸುತ್ತಾನೆ, ಸಾಕೆಂದವನು ಒಂದು ಕಳೆಯುತ್ತಾನೆ, ಸೊನ್ನೆಯಾದರೆ ಬಂದ್.

ಗಂಟು ಇದ್ದದ್ದು ಅಲ್ಲೇ. ಡೀಬಗ್ ಕಡತಗಳಲ್ಲಿ ಕ್ಲಾಕ್‌ಗಳ ಪಟ್ಟಿ ತೆರೆದರೆ ಸೆನ್ಸರ್ ಕಡೆಯ ಕ್ಲಾಕ್ ಸೊನ್ನೆ ತೋರಿಸುತ್ತಿತ್ತು. ಎಲ್ಲವೂ ನಿದ್ದೆಯಲ್ಲಿದೆ ಎಂದು ನಂಬಲು ಅಷ್ಟು ಸಾಕಿತ್ತು. ಪವರ್ ಡೊಮೇನ್‌ಗಳ ಪಟ್ಟಿ ಬೇರೆಯೇ ಮಾತಾಡಿತು: ಡೊಮೇನ್ ಆನ್, ಸಾಧನ ಆಕ್ಟಿವ್. ಬೋರ್ಡಿನ ಜೊತೆ ಬಂದಿದ್ದ ಡ್ರೈವರ್ ಕ್ಲಾಕನ್ನು ತಾನೇ ಕೈಯಾರೆ ನಿಲ್ಲಿಸುತ್ತಿತ್ತು, ವಿದ್ಯುತ್ತಿನ ಎಣಿಕೆಯನ್ನು ಬೇರೆಯಾಗಿ ಇಡುತ್ತಿತ್ತು. ಸೆನ್ಸರ್ ಹೊತ್ತಿಗೆ ಸರಿಯಾಗಿ ಉತ್ತರಿಸದಿದ್ದರೆ ಡ್ರೈವರ್‌ನ ಅಳತೆ ಓದುವ ಫಂಕ್ಷನ್ ಎಣಿಕೆ ಇಳಿಸದೆ ನಡುವಿನಿಂದಲೇ ಹೊರಬೀಳುತ್ತಿತ್ತು. ಲ್ಯಾಬ್‌ನಲ್ಲಿ ಸೆನ್ಸರ್ ಯಾವತ್ತೂ ತಡ ಮಾಡಿರಲಿಲ್ಲ. ಬಿಸಿಲಲ್ಲಿ ಮಾಡಿತು. ಒಮ್ಮೆ ಮಾಡಿದರೂ ಸಾಕು, ಮುಂದಿನ ರೀಬೂಟ್‌ವರೆಗೆ ಆ ಡೊಮೇನ್ ಆರುವುದಿಲ್ಲ.

ಇಂಥ ತಪ್ಪಿಗೆ ಕರ್ನಲ್‌ನ ಹಳೆಯ ಸಂಪ್ರದಾಯವೂ ಸ್ವಲ್ಪ ಹೊಣೆ. ಸಾಧನವನ್ನು ಎಬ್ಬಿಸಲು ಬಹುಕಾಲ ಬಳಕೆಯಲ್ಲಿದ್ದ ‘ಗೆಟ್ ಸಿಂಕ್’ ಕರೆ, ಎಬ್ಬಿಸುವುದರಲ್ಲಿ ಸೋತರೂ ಎಣಿಕೆಯನ್ನು ಏರಿಸಿಯೇ ಬರುತ್ತದೆ. ಸೋತ ಮೇಲೂ ಇಳಿಸಬೇಕೆಂದು ಯಾರಿಗೆ ಹೊಳೆಯುತ್ತದೆ? ಡ್ರೈವರ್ ಮೇಲೆ ಡ್ರೈವರ್ ತಿದ್ದಿ ಸುಸ್ತಾದ ಮೇಲೆ 2020ರ ಕೊನೆಯಲ್ಲಿ, 5.10 ಆವೃತ್ತಿಯಲ್ಲಿ, ‘ರೆಸ್ಯೂಮ್ ಅಂಡ್ ಗೆಟ್’ ಎಂಬ ಹೊಸ ಕರೆ ಸೇರಿಸಿದರು. ಸೋತರೆ ಅದು ಏರಿಸಿದ್ದನ್ನು ತಾನೇ ಇಳಿಸುತ್ತದೆ.

ಎಣಿಕೆ ಸರಿಪಡಿಸಿದ್ದೇ ತಡ, ಡೊಮೇನ್ ಆರಿತು, ಬ್ಯಾಟರಿ ಉಳಿಯಿತು. ಅಳತೆ ಮಾತ್ರ ಕೆಟ್ಟಿತು! ಒಣಗಿದ ಹಳ್ಳದಿಂದ ಅರ್ಥವಿಲ್ಲದ ಅಂಕಿಗಳು ಬರತೊಡಗಿದವು. ಕಾರಣ ತೀರಾ ಸರಳ. ಕ್ಲಾಕ್ ನಿಂತರೆ ರಿಜಿಸ್ಟರ್‌ಗಳಲ್ಲಿ ಬರೆದದ್ದು ಹಾಗೇ ಇರುತ್ತದೆ, ವಿದ್ಯುತ್ ಕಡಿದರೆ ಎಲ್ಲ ಅಳಿಸಿಹೋಗುತ್ತದೆ. ಎದ್ದ ಮೇಲೆ ಸೆನ್ಸರ್ ಜೊತೆ ಮಾತಾಡುವ ಸೀರಿಯಲ್ ಪೋರ್ಟಿನ ವೇಗ ಮೊದಲಾದವನ್ನು ಡ್ರೈವರ್ ಮತ್ತೆ ಬರೆಯಬೇಕು. ಈ ಡ್ರೈವರ್ ಬರೆಯುತ್ತಿರಲಿಲ್ಲ. ಅದರ ಡೊಮೇನ್ ನಿಜವಾಗಿ ಆರುವುದನ್ನು ಯಾರೂ ಕಂಡೇ ಇರಲಿಲ್ಲ ಎಂದು ಕಾಣುತ್ತದೆ. ಮೊದಲ ದೋಷ ಎರಡನೆಯದನ್ನು ಮರೆಮಾಡಿಕೊಂಡು ಕೂತಿತ್ತು.

ಇನ್ನೊಂದು ಸಿಕ್ಕಿದ್ದು ಬೂಟ್ ಸಾಲಿನಲ್ಲಿ. ಯಾರೂ ಕೇಳದ ಕ್ಲಾಕ್‌ಗಳನ್ನು ಕರ್ನಲ್ ಬೂಟ್‌ನ ಕೊನೆಯ ಹಂತದಲ್ಲಿ ಆರಿಸುತ್ತದೆ. ಹಾಗೆ ಮಾಡಬೇಡವೆಂದು ತಡೆಯುವ ‘ಕ್ಲಾಕ್ ಇಗ್ನೋರ್ ಅನ್‌ಯೂಸ್ಡ್’ ಆಯ್ಕೆಯೊಂದಿಗೇ ಬೋರ್ಡ್ ಬಂದಿತ್ತು. ತೆಗೆದರೆ ಬೋರ್ಡ್ ಸ್ತಬ್ಧ. ಬೂಟ್‌ಲೋಡರ್ ಹಚ್ಚಿಟ್ಟುಹೋದ ಕ್ಲಾಕ್‌ನ ಪುಣ್ಯದಲ್ಲಿ ಓಡುತ್ತಿದ್ದ ಡ್ರೈವರೊಂದು, ಕ್ಲಾಕ್ ಇಲ್ಲದ ಸಾಧನದ ರಿಜಿಸ್ಟರ್ ಓದಲು ಹೋಗಿ ಉತ್ತರವೇ ಬಾರದೆ ಬಸ್ಸನ್ನು ಕಟ್ಟಿಹಾಕುತ್ತಿತ್ತು. ಆ ಆಯ್ಕೆ ದೋಷ ಹುಡುಕುವ ಹೊತ್ತಿಗೆಂದು ಇರುವುದು. ಗ್ರಾಹಕನ ಕೈಗೆ ಕೊಡುವ ಬೋರ್ಡ್‌ನಲ್ಲಿ ಅದು ಉಳಿದಿದ್ದರೆ ಕೆಲಸ ಅರ್ಧಕ್ಕೆ ನಿಂತಿದೆ ಎಂದೇ ಲೆಕ್ಕ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಕೊಲ್ಲಿ ದೇಶಗಳಿಗೆ ಬೋರ್ಡ್ ಕಳಿಸುವವರು ಇಷ್ಟು ಮಾಡಲಿ: ಕ್ಲಾಕ್ ಪಟ್ಟಿ ಸೊನ್ನೆ ತೋರಿತೆಂದು ಸುಮ್ಮನಾಗದೆ ಪವರ್ ಡೊಮೇನ್ ಪಟ್ಟಿಯನ್ನೂ ತೆರೆದು ನೋಡಲಿ, ಸೆನ್ಸರ್‌ನ ತಂತಿಯನ್ನು ಬೇಕೆಂದೇ ಕಿತ್ತು ಡ್ರೈವರ್ ಹೇಗೆ ಸೋಲುತ್ತದೆಂದು ಪರೀಕ್ಷಿಸಲಿ, ಕರೆಂಟಿನ ಅಳತೆಯನ್ನು ಎಸಿ ಕೋಣೆಯಲ್ಲಿ ಮುಗಿಸದೆ ಬಿಸಿ ಚೇಂಬರ್‌ನೊಳಗೂ ಮಾಡಲಿ.