ಫೈನಾನ್ಸ್ ಮೇಷ್ಟ್ರು ನಿರ್ದೇಶಕನಾದ ಮೇಲೆ

ಟ್ರಸ್ಟ್ ನಡೆಸುವ ಬಿಸಿನೆಸ್ ಸ್ಕೂಲೊಂದರ ನಿರ್ದೇಶಕನ ಕುರ್ಚಿ ಸಿಕ್ಕಾಗ, ಎಕ್ಸೆಲ್ ಬಲ್ಲವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಎಡವಿ ಕಲಿತ ನಾಲ್ಕು ಪಾಠಗಳು ಇವು.

1. ಟ್ರಸ್ಟಿನ ಲೆಕ್ಕ ಬೇರೆ, ಕಂಪನಿಯ ಲೆಕ್ಕ ಬೇರೆ

ಮೊದಲ ಬಜೆಟ್ ಸಭೆಗೆ ನಿವ್ವಳ ಲಾಭದ ಗ್ರಾಫ್ ಹಿಡಿದು ಹೋದೆ. ಹಿರಿಯ ಆಡಿಟರು, "ಮೇಷ್ಟ್ರೇ, ತೆರಿಗೆ ವಿನಾಯಿತಿ ಉಳಿಯಬೇಕಾದರೆ ಸಾಮಾನ್ಯವಾಗಿ ಆದಾಯದ ಶೇ. 85ರಷ್ಟನ್ನು ಟ್ರಸ್ಟಿನ ಉದ್ದೇಶಕ್ಕೇ ಖರ್ಚು ಮಾಡಬೇಕು, ಗೊತ್ತಲ್ಲ?" ಎಂದರು. ಗೊತ್ತಿರಲಿಲ್ಲ. ಶಿಕ್ಷಣ ಸಂಸ್ಥೆ ಬೆಳವಣಿಗೆಗೆ ಬೇಕಾದಷ್ಟು ಉಳಿಸಿಕೊಳ್ಳಬಹುದು, ಲಾಭಕೋರತನ ಕೂಡದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹೇಳಿತ್ತು. ಅದೂ ನಮ್ಮ ಕರ್ನಾಟಕದ್ದೇ ಮೊಕದ್ದಮೆ!

2. ನಗದು ಇದೆ ಎಂದರೆ ಎಲ್ಲಿದೆ ಎಂದು ಕೇಳಬೇಕು

ಸತ್ಯಂ ಕಂಪನಿಯ ನಗದು ಶಿಲ್ಕನ್ನು ಮೆಚ್ಚಿ ಪಾಠ ಮಾಡಿದವನು ನಾನು. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಅವರ ಪತ್ರ ಹೊರಬಿತ್ತು: ಆ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಮರುದಿನ ಕ್ಲಾಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

3. ಸರಾಸರಿ ಸಂಬಳವನ್ನು ಯಾರೂ ಮನೆಗೆ ಒಯ್ಯುವುದಿಲ್ಲ

ನನಗೆ ಹೆಚ್ಚು ನಾಚಿಕೆ ಇದರದ್ದೇ. ಸರಾಸರಿಗೂ ಮಧ್ಯಾಂಕಕ್ಕೂ ಇರುವ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದವನೇ, ಬ್ರೋಷರ್ ಅಚ್ಚಿಗೆ ಹೋಗುವಾಗ ಸರಾಸರಿಯನ್ನು ದಪ್ಪಕ್ಷರದಲ್ಲಿ ಹಾಕಿಸಿದೆ. ಒಂಬತ್ತು ಮಂದಿಗೆ 6 ಲಕ್ಷ, ದುಬೈಗೆ ಹೋದ ಒಬ್ಬನಿಗೆ 46 ಲಕ್ಷ ಎಂದಿಟ್ಟುಕೊಳ್ಳಿ. ಸರಾಸರಿ 10 ಲಕ್ಷ. ಆ 10 ಲಕ್ಷ ಮಾತ್ರ ಹತ್ತರಲ್ಲಿ ಒಬ್ಬರಿಗೂ ಸಿಕ್ಕಿಲ್ಲ. ಸಾಲದ್ದಕ್ಕೆ ಸಿಟಿಸಿ ಎಂದು ಕಂಪನಿಗಳು ತೋರಿಸುವ ಒಟ್ಟು ವಾರ್ಷಿಕ ಮೊತ್ತದೊಳಗೆ ಗ್ರಾಚ್ಯುಟಿ, ಬರುತ್ತದೋ ಇಲ್ಲವೋ ಎಂಬ ವೇರಿಯಬಲ್ ಪೇ, ಎಲ್ಲ ತುರುಕಿರುತ್ತಾರೆ. ಹಾಸನದ ಕಡೆಯ ತಂದೆಯೊಬ್ಬರು ಮಗಳ ಶಿಕ್ಷಣ ಸಾಲದ ಕಾಗದ ಹಿಡಿದು ಬಂದು, "ಅದೆಲ್ಲ ಬೇಡ ಸಾರ್, ತಿಂಗಳಿಗೆ ಕೈಗೆಷ್ಟು ಬರುತ್ತೆ ಹೇಳಿ, ಕಂತು ಕಟ್ಟಬೇಕು" ಎಂದರು. ನನ್ನ ಹತ್ತಿರ ಆ ಅಂಕಿಯೇ ಇರಲಿಲ್ಲ. ಮುಂದಿನ ಬ್ರೋಷರಿನಲ್ಲಿ ಮಧ್ಯಾಂಕ, ಕನಿಷ್ಠ ಸಂಬಳ, ಕೆಲಸ ಸಿಗದವರ ಸಂಖ್ಯೆ ಮೂರನ್ನೂ ಹಾಕಿದೆವು. ಅರ್ಜಿಗಳು ಇಳಿದವು, ಟ್ರಸ್ಟಿಗಳು ಗೊಣಗಿದರು. ಅವರ ಗೊಣಗಾಟವೂ ನ್ಯಾಯವೇ. ಪಕ್ಕದ ಕಾಲೇಜಿನವರು ಸರಾಸರಿಯನ್ನೇ ಹಾಕುತ್ತಿದ್ದರು.

4. ತುಂಬದ ಕ್ಲಾಸು ಮುಚ್ಚುವ ಮುನ್ನ

ಗ್ರಾಮೀಣ ಬ್ಯಾಂಕಿಂಗ್ ಐಚ್ಛಿಕ ವಿಷಯಕ್ಕೆ ಬೆರಳೆಣಿಕೆಯ ಹುಡುಗರು. ತಲಾ ವೆಚ್ಚ ಜಾಸ್ತಿ ಎಂದು ನಿಲ್ಲಿಸಿಬಿಟ್ಟೆ. ಆ ಪ್ರೊಫೆಸರರ ಸಂಬಳ ಹೇಗೂ ಹೋಗುತ್ತಿತ್ತು. ಉಳಿದದ್ದು ಮಾರ್ಕರ್ ಪೆನ್ನಿನ ದುಡ್ಡು. ಸ್ಥಿರ ವೆಚ್ಚದ ಈ ಪಾಠವನ್ನು ಮೊದಲ ಸೆಮಿಸ್ಟರಿನಲ್ಲಿ ಮಾಡುತ್ತಿದ್ದವನು ನಾನೇ. ಮತ್ತೆ ಶುರು ಮಾಡೋಣವೆಂದು ಹೋಗಿ ಕೇಳುವಷ್ಟರಲ್ಲಿ ಅವರು ಬೇರೆ ಕಾಲೇಜು ಸೇರಿಯಾಗಿತ್ತು.